ಕ್ಲೌಡ್ ಡ್ರೈವ್‌ನಲ್ಲಿ ಫೈಲ್ ಇದ್ದೂ ತೆರೆಯುತ್ತಿಲ್ಲವೇ? ದೊಡ್ಡಕ್ಷರ, ಸಣ್ಣಕ್ಷರದ ತೊಡಕು: ಪದೇ ಪದೇ ಕೇಳುವ ಪ್ರಶ್ನೆಗಳು

ಫೋಲ್ಡರ್‌ನಲ್ಲಿ ಫೈಲ್ ಕಣ್ಣೆದುರೇ ಇರುತ್ತದೆ, ತೆರೆಯಲು ಹೋದರೆ ‘ಫೈಲ್ ಸಿಗಲಿಲ್ಲ’ ಎಂಬ ಉತ್ತರ ಬರುತ್ತದೆ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಸಲೀಸಾಗಿ ತೆರೆಯುವ ಫೈಲ್ ಸರ್ವರ್‌ನಲ್ಲಿ ತೆರೆಯುವುದಿಲ್ಲ. ಎಷ್ಟೋ ಸಲ ಇದಕ್ಕೆ ಕಾರಣ ಹೆಸರಿನ ಒಂದೇ ಒಂದು ಇಂಗ್ಲಿಷ್ ಅಕ್ಷರ: ದೊಡ್ಡದಾಗಿರಬೇಕಿತ್ತು, ಸಣ್ಣದಾಗಿದೆ. ಕನ್ನಡ ಲಿಪಿಯಲ್ಲಿ ಈ ಭೇದವೇ ಇಲ್ಲವಾದ್ದರಿಂದ ಉದಾಹರಣೆ ಕೊಡುವಾಗಲೆಲ್ಲ ‘ದೊಡ್ಡ ಆರ್‌ನ ರಿಪೋರ್ಟ್’, ‘ಸಣ್ಣ ಆರ್‌ನ ರಿಪೋರ್ಟ್’ ಎಂದು ಬಿಡಿಸಿ ಹೇಳಿದ್ದೇವೆ. ‘ಕೇಸ್’ ಎಂದರೆ ಇಲ್ಲಿ ಈ ದೊಡ್ಡಕ್ಷರ, ಸಣ್ಣಕ್ಷರದ ಭೇದ.

ಒಂದು ಕಡೆ ತೆರೆಯುವ ಫೈಲ್ ಇನ್ನೊಂದು ಕಡೆ ಏಕೆ ತೆರೆಯುವುದಿಲ್ಲ?

ಕಂಪ್ಯೂಟರ್‌ಗೆ ಅಕ್ಷರವೆಂದರೆ ಒಂದು ಸಂಖ್ಯೆ. ದೊಡ್ಡ ಆರ್‌ನ ಸಂಖ್ಯೆ 82, ಸಣ್ಣ ಆರ್‌ನದು 114. ಡಿಸ್ಕ್‌ನಲ್ಲಿ ಫೈಲ್‌ಗಳನ್ನು ಹೆಸರಿನೊಂದಿಗೆ ಇಟ್ಟು ಹುಡುಕಿಕೊಡುವ ವ್ಯವಸ್ಥೆಗೆ ಫೈಲ್ ಸಿಸ್ಟಂ ಎನ್ನುತ್ತಾರೆ. ಲಿನಕ್ಸ್‌ನ ಇಎಕ್ಸ್‌ಟಿ4 ಫೈಲ್ ಸಿಸ್ಟಂ ಈ ಸಂಖ್ಯೆಗಳನ್ನು ಇದ್ದ ಹಾಗೇ ಹೋಲಿಸುತ್ತದೆ. ಹಾಗಾಗಿ ಅದಕ್ಕೆ ದೊಡ್ಡ ಆರ್‌ನ ರಿಪೋರ್ಟ್, ಸಣ್ಣ ಆರ್‌ನ ರಿಪೋರ್ಟ್ ಎರಡು ಬೇರೆ ಹೆಸರುಗಳು, ಒಂದೇ ಫೋಲ್ಡರ್‌ನಲ್ಲಿ ಎರಡೂ ಇರಬಹುದು. ವಿಂಡೋಸ್ ಹೋಲಿಸುವ ಮೊದಲು ಎರಡೂ ಹೆಸರುಗಳನ್ನು ದೊಡ್ಡಕ್ಷರಕ್ಕೆ ತಿರುಗಿಸಿಕೊಳ್ಳುತ್ತದೆ. ಹೀಗೆ ತಿರುಗಿಸಲು ಬೇಕಾದ ಕೋಷ್ಟಕವನ್ನು ವಿಂಡೋಸ್‌ನ ಫೈಲ್ ಸಿಸ್ಟಂ ಆದ ಎನ್‌ಟಿಎಫ್‌ಎಸ್ ಡಿಸ್ಕ್‌ನಲ್ಲೇ ಇಟ್ಟುಕೊಂಡಿರುತ್ತದೆ. ಆದರೆ ಬರೆದಿಡುವಾಗ ನೀವು ಟೈಪ್ ಮಾಡಿದ ರೂಪವನ್ನೇ ಉಳಿಸುತ್ತದೆ. ಮ್ಯಾಕ್‌ನ ಸಾಮಾನ್ಯ ಡಿಸ್ಕ್‌ಗಳೂ ಹೀಗೆಯೇ.

ಕ್ಲೌಡ್ ಡ್ರೈವ್ ಎಂದಾಕ್ಷಣ ಹೆಸರಿನ ಬಗ್ಗೆ ತೀರ್ಮಾನ ಕೊಡುವವರು ಮೂವರಾಗುತ್ತಾರೆ: ನಿಮ್ಮ ಯಂತ್ರದ ಫೈಲ್ ಸಿಸ್ಟಂ, ಸಿಂಕ್ ಮಾಡುವ (ಎರಡೂ ಕಡೆಯ ಫೈಲ್‌ಗಳನ್ನು ಒಂದೇ ರೀತಿ ಇಡುವ) ಆ್ಯಪ್, ಆಚೆ ಇರುವ ಸರ್ವರ್. ಮೂವರ ನಿಯಮ ಒಂದೇ ಇರಬೇಕೆಂದೇನೂ ಇಲ್ಲ. ಆದ್ದರಿಂದ ಮೊದಲು ತಿಳಿಯಬೇಕಾದದ್ದು ಈ ಮೂವರಲ್ಲಿ ತಡೆದವರು ಯಾರು ಎಂಬುದು. ಅದು ಗೊತ್ತಾಗದೆ ಹೆಸರು ಬದಲಿಸುತ್ತಾ ಹೋದರೆ ಗೋಜಲು ಇನ್ನಷ್ಟು ಬಿಗಿಯಾಗುತ್ತದೆ.

ಯಾವ ಸೇವೆ ಕೇಸ್ ನೋಡುತ್ತದೆ, ಯಾವುದು ನೋಡುವುದಿಲ್ಲ?

ಒನ್‌ಡ್ರೈವ್ ಮತ್ತು ಶೇರ್‌ಪಾಯಿಂಟ್ ನೋಡುವುದಿಲ್ಲ. ಕೇಸ್‌ನಲ್ಲಿ ಮಾತ್ರ ಬೇರೆಯಾದ ಎರಡು ಫೈಲ್‌ಗಳಿಗೆ ಒಂದೇ ಫೋಲ್ಡರ್‌ನಲ್ಲಿ ಜಾಗ ಸಿಗದು. ಡ್ರಾಪ್‌ಬಾಕ್ಸ್ ಕೂಡ ನೋಡುವುದಿಲ್ಲ. ಅದು ಪ್ರತಿ ಫೈಲ್‌ಗೆ ತೋರಿಸಲು ಒಂದು, ಹೋಲಿಸಲು ಎಲ್ಲ ಸಣ್ಣಕ್ಷರದ ಇನ್ನೊಂದು, ಹೀಗೆ ಎರಡು ಪಾತ್ (ಫೋಲ್ಡರ್‌ಗಳ ಹೆಸರೂ ಸೇರಿದ ಫೈಲ್‌ನ ಪೂರ್ತಿ ವಿಳಾಸ) ಇಟ್ಟುಕೊಳ್ಳುತ್ತದೆ.

ಗೂಗಲ್ ಡ್ರೈವ್‌ನ ಲೆಕ್ಕವೇ ಬೇರೆ. ಅಲ್ಲಿ ಫೈಲ್‌ನ ನಿಜವಾದ ಗುರುತು ಅದರ ಐಡಿ, ಹೆಸರು ಬರೀ ಲೇಬಲ್. ಕೇಸ್ ಹಾಗಿರಲಿ, ಅಕ್ಷರಶಃ ಒಂದೇ ಹೆಸರಿನ ಹತ್ತು ಫೈಲ್‌ಗಳು ಒಂದೇ ಫೋಲ್ಡರ್‌ನಲ್ಲಿ ಇರಬಹುದು.

ಆ್ಯಪ್, ವೆಬ್‌ಸೈಟ್‌ಗಳು ಫೈಲ್ ಇಡಲು ಬಳಸುವ ಅಮೆಜಾನ್ ಎಸ್3, ಗೂಗಲ್ ಕ್ಲೌಡ್ ಸ್ಟೋರೇಜ್, ಅಜೂರ್ ಬ್ಲಾಬ್ ಇವು ಪೂರ್ತಿ ಕೇಸ್ ನೋಡುತ್ತವೆ. ಅದೇ ಅಜೂರ್‌ನ ಎಸ್‌ಎಂಬಿ ಫೈಲ್ ಶೇರ್ (ನೆಟ್‌ವರ್ಕ್ ಮೂಲಕ ಹಂಚಿದ ಫೋಲ್ಡರ್) ನೋಡುವುದಿಲ್ಲ. ಒಂದೇ ಖಾತೆಯೊಳಗೆ ಎರಡು ನಿಯಮ ಇರುವುದರಿಂದ ಬಹಳ ಜನ ಇಲ್ಲಿ ಎಡವುತ್ತಾರೆ. ನಮ್ಮದೇ ಸರ್ವರ್‌ನಲ್ಲಿ ನಡೆಸಬಹುದಾದ ಕ್ಲೌಡ್ ಡ್ರೈವ್ ನೆಕ್ಸ್ಟ್‌ಕ್ಲೌಡ್ ಸಾಮಾನ್ಯವಾಗಿ ಲಿನಕ್ಸ್ ಸರ್ವರ್ ಮೇಲೆ ಓಡುವುದರಿಂದ ಸರ್ವರ್ ಎರಡೂ ಹೆಸರುಗಳನ್ನು ಒಪ್ಪಿಕೊಳ್ಳುತ್ತದೆ, ವಿಂಡೋಸ್‌ನಲ್ಲಿರುವ ಸಿಂಕ್ ಆ್ಯಪ್‌ಗೆ ಮಾತ್ರ ಎರಡನೆಯದನ್ನು ಇಳಿಸಲು ಜಾಗವಿರುವುದಿಲ್ಲ.

ತೊಂದರೆ ಕೇಸ್‌ನದ್ದೇ ಎಂದು ಖಚಿತ ಮಾಡಿಕೊಳ್ಳುವುದು ಹೇಗೆ?

ಕಣ್ಣನ್ನು ನಂಬಬೇಡಿ, ಹೆಸರನ್ನು ಕೈಯಾರೆ ಟೈಪ್ ಮಾಡಲೂ ಬೇಡಿ. ಬ್ರೌಸರ್‌ನಲ್ಲಿ ಕ್ಲೌಡ್ ಡ್ರೈವ್ ತೆರೆದು, ಫೈಲ್ ಮೇಲೆ ‘ರಿನೇಮ್’ ಒತ್ತಿ, ಪೆಟ್ಟಿಗೆಯಲ್ಲಿರುವ ಹೆಸರನ್ನು ಪೂರ್ತಿ ಆಯ್ದು ಕಾಪಿ ಮಾಡಿ, ಬದಲಿಸದೆ ‘ಕ್ಯಾನ್ಸಲ್’ ಒತ್ತಿ. ಅದನ್ನು ನೋಟ್‌ಪ್ಯಾಡ್‌ನಂಥ ಸರಳ ಎಡಿಟರ್‌ನಲ್ಲಿ ಮೊದಲ ಸಾಲಿಗೆ ಅಂಟಿಸಿ. ತೆರೆಯದೆ ಹೋದ ಪ್ರೋಗ್ರಾಂ ಕೊಟ್ಟ ದೋಷ ಸಂದೇಶದಲ್ಲಿರುವ ಹೆಸರನ್ನು ಎರಡನೆಯ ಸಾಲಿಗೆ ಅಂಟಿಸಿ. ಎಲ್ಲ ಅಕ್ಷರಕ್ಕೂ ಒಂದೇ ಅಗಲವಿರುವ ಫಾಂಟ್ ಇಟ್ಟರೆ ವ್ಯತ್ಯಾಸ ಮೇಲೆ ಕೆಳಗೆ ನಿಂತು ಕಾಣುತ್ತದೆ.

ಹೋಲಿಸುವಾಗ ಕೇಸ್‌ನ ಜೊತೆ ಇವನ್ನೂ ನೋಡಿ. ಹೆಸರಿನ ಕೊನೆಯಲ್ಲಿ ಅಥವಾ ಚುಕ್ಕಿಯ ಹಿಂದೆ ಖಾಲಿ ಜಾಗ ಸೇರಿದೆಯೇ? ಸೊನ್ನೆಯ ಜಾಗದಲ್ಲಿ ಓ ಅಕ್ಷರ, ಒಂದರ ಜಾಗದಲ್ಲಿ ಸಣ್ಣ ಎಲ್ ಕೂತಿದೆಯೇ? ವಿಂಡೋಸ್ ತಾನಾಗಿ ಎಕ್ಸ್‌ಟೆನ್ಷನ್ (ಚುಕ್ಕಿಯ ನಂತರ ಬರುವ, ಫೈಲ್‌ನ ಬಗೆ ಹೇಳುವ ಭಾಗ) ಮುಚ್ಚಿಡುವುದರಿಂದ ‘ಪಿಡಿಎಫ್’ ಎಂದು ಎರಡು ಸಲ ಅಂಟಿಕೊಂಡಿದೆಯೇ? ಎಕ್ಸ್‌ಪ್ಲೋರರ್‌ನ ‘ವ್ಯೂ’ ಮೆನುವಿನಲ್ಲಿ ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್ ಎಂಬುದಕ್ಕೆ ಗುರುತು ಹಾಕಿದರೆ ಇದು ಬಯಲಾಗುತ್ತದೆ. ಕೇಸ್‌ನದ್ದೆಂದು ಬರುವ ದೂರುಗಳಲ್ಲಿ ಒಂದಷ್ಟು ಇಲ್ಲಿಯೇ ಬಗೆಹರಿಯುತ್ತವೆ.

ಪೈಥಾನ್‌ನಂಥ ಭಾಷೆಯಲ್ಲಿ ಸ್ಕ್ರಿಪ್ಟ್ ಬರೆಯುವವರಿಗೆ ಒಂದು ಮಾತು. ವಿಂಡೋಸ್‌ನಲ್ಲಿ ‘ಈ ಫೈಲ್ ಇದೆಯೇ’ ಎಂದು ಕೇಳಿದರೆ ತಪ್ಪು ಕೇಸ್‌ಗೂ ‘ಇದೆ’ ಎಂಬ ಉತ್ತರ ಬರುತ್ತದೆ. ಅದರ ಬದಲು ಫೋಲ್ಡರ್‌ನ ಪಟ್ಟಿ ತರಿಸಿ, ನೀವು ಹುಡುಕುವ ಹೆಸರು ಆ ಪಟ್ಟಿಯಲ್ಲಿ ಅಕ್ಷರಶಃ ಇದೆಯೇ ಎಂದು ನೋಡಿ. ಪಟ್ಟಿಯಲ್ಲಿ ಉಳಿಸಿದ ರೂಪವೇ ಬರುತ್ತದೆ. ಸರ್ವರ್‌ಗೆ ಹೋದಮೇಲೆ ಬೀಳುವ ಪೆಟ್ಟನ್ನು ಈ ಒಂದು ಪರೀಕ್ಷೆ ಮೊದಲೇ ತಪ್ಪಿಸುತ್ತದೆ.

ಯಂತ್ರದಲ್ಲಿ ಹೆಸರಿನ ಕೇಸ್ ಸರಿಪಡಿಸಿದೆ, ಕ್ಲೌಡ್‌ನಲ್ಲಿ ಹಳೆಯದೇ ಇದೆ. ಏನು ಮಾಡಲಿ?

ಸಣ್ಣ ಆರ್ ಅನ್ನು ದೊಡ್ಡ ಆರ್ ಮಾಡಿದಿರಿ. ಕೇಸ್ ನೋಡದ ಸಿಂಕ್ ಆ್ಯಪ್ ಹಳೆಯ ಹೆಸರನ್ನೂ ಹೊಸ ಹೆಸರನ್ನೂ ಹೋಲಿಸಿ ‘ಎರಡೂ ಒಂದೇ’ ಎಂದುಕೊಂಡು ಸುಮ್ಮನಾಗಬಹುದು. ಆಗ ಎರಡು ಹೆಜ್ಜೆಯಲ್ಲಿ ಬದಲಿಸಬೇಕು. ಮೊದಲು ಹೆಸರಿನ ಕೊನೆಗೆ ಅಡಿಗೆರೆ ಮತ್ತು ಒಂದು ಅಂಕಿ ಸೇರಿಸಿ ಬೇರೆಯೇ ಹೆಸರು ಕೊಡಿ. ಸಿಂಕ್ ಮುಗಿದ ಹಸಿರು ಗುರುತು ಬರುವವರೆಗೆ ಕಾಯಿರಿ, ಬ್ರೌಸರ್‌ನಲ್ಲೂ ಆ ಮಧ್ಯದ ಹೆಸರು ಬಂದಿದೆಯೆಂದು ನೋಡಿ. ಆಮೇಲೆ ಬೇಕಾದ ಕೇಸ್‌ನಲ್ಲಿ ಕೊನೆಯ ಹೆಸರು ಕೊಡಿ.

ನಡುವೆ ಕಾಯದೆ ಎರಡೂ ಬದಲಾವಣೆಯನ್ನು ಪಟಪಟನೆ ಮಾಡಿದರೆ ಆ್ಯಪ್ ಎರಡನ್ನೂ ಒಟ್ಟಿಗೆ ಲೆಕ್ಕ ಹಾಕಿ ಮತ್ತೆ ‘ಬದಲಾವಣೆ ಇಲ್ಲ’ ಎಂಬಲ್ಲಿಗೇ ಬರಬಹುದು. ಫೋಲ್ಡರ್ ಹೆಸರಾದರೆ ಇನ್ನೂ ನಿಧಾನವಾಗಿ ಮಾಡಿ, ಏಕೆಂದರೆ ಒಳಗಿರುವ ಪ್ರತಿ ಫೈಲ್‌ನ ಪಾತ್ ಕೂಡ ಬದಲಾಗುತ್ತದೆ. ಸಾವಿರ ಫೈಲ್‌ಗಳ ಫೋಲ್ಡರ್ ಆದರೆ ಯಂತ್ರದಲ್ಲಿ ಮುಟ್ಟದೆ ಬ್ರೌಸರ್‌ನಲ್ಲೇ ಬದಲಿಸುವುದು ಒಳ್ಳೆಯದು. ಸರ್ವರ್‌ನಿಂದ ಕೆಳಗೆ ಬರುವ ಬದಲಾವಣೆಯಲ್ಲಿ ಗೊಂದಲ ಕಡಿಮೆ.

ಫೈಲ್ ಹೆಸರಿಗೆ ‘ಕೇಸ್ ಕಾನ್‌ಫ್ಲಿಕ್ಟ್’ ಎಂಬ ಬಾಲ ಬಂದಿದೆ. ಅಳಿಸಬಹುದೇ?

ತೆರೆದು ನೋಡದೆ ಅಳಿಸಬೇಡಿ. ಇದನ್ನು ಸೇರಿಸುವುದು ಡ್ರಾಪ್‌ಬಾಕ್ಸ್. ಲಿನಕ್ಸ್‌ನಲ್ಲಿ ಯಾರೋ ದೊಡ್ಡ ಆರ್‌ನ ರಿಪೋರ್ಟ್ ಮತ್ತು ಸಣ್ಣ ಆರ್‌ನ ರಿಪೋರ್ಟ್ ಎರಡನ್ನೂ ಒಂದೇ ಫೋಲ್ಡರ್‌ನಲ್ಲಿ ಇಟ್ಟಿರುತ್ತಾರೆ. ಸರ್ವರ್‌ನಲ್ಲಿ ಎರಡಕ್ಕೂ ಜಾಗವಿಲ್ಲದ ಕಾರಣ ಒಂದರ ಹೆಸರನ್ನು ಬದಲಿಸಿ ಎರಡನ್ನೂ ಉಳಿಸಿಕೊಳ್ಳುತ್ತದೆ. ಬಾಲ ಬಂದದ್ದು ಹಳೆಯ ಪ್ರತಿ ಎಂದು ಭಾವಿಸುವುದೇ ದೊಡ್ಡ ತಪ್ಪು, ಅದರಲ್ಲೇ ಇತ್ತೀಚಿನ ಕೆಲಸ ಇರಬಹುದು. ಎರಡರ ಗಾತ್ರ, ಬದಲಾದ ದಿನಾಂಕ ನೋಡಿ, ಒಳಗಿನ ವಿಷಯ ಹೋಲಿಸಿ, ಎರಡೂ ಬೇಕಿದ್ದರೆ ಅರ್ಥವಾಗುವ ಬೇರೆ ಬೇರೆ ಹೆಸರು ಕೊಡಿ. ಫೋಲ್ಡರ್‌ಗೇ ಈ ಬಾಲ ಬಂದಿದ್ದರೆ ಒಂದರ ಫೈಲ್‌ಗಳನ್ನು ಇನ್ನೊಂದಕ್ಕೆ ಸಾಗಿಸಿ. ಹೀಗೆ ಸಾಗಿಸುವಾಗ ‘ರೀಪ್ಲೇಸ್ ಮಾಡಲೇ’ ಎಂದು ಕೇಳಿದ ಪ್ರತಿ ಫೈಲನ್ನೂ ನಿಲ್ಲಿಸಿ ನೋಡಬೇಕು. ನೆಕ್ಸ್ಟ್‌ಕ್ಲೌಡ್‌ನ ‘ಕೇಸ್ ಕ್ಲ್ಯಾಶ್’ ಎಚ್ಚರಿಕೆಗೂ ಇದೇ ಮದ್ದು.

ಗೂಗಲ್ ಡ್ರೈವ್ ಅನ್ನು ಕೋಲ್ಯಾಬ್‌ಗೆ ಜೋಡಿಸಿದೆ. ಪಾತ್ ಸರಿಯಿದ್ದರೂ ‘ಅಂಥ ಫೈಲ್ ಇಲ್ಲ’ ಎನ್ನುತ್ತದೆ.

ಬ್ರೌಸರ್‌ನಲ್ಲೇ ಪೈಥಾನ್ ಬರೆದು ಓಡಿಸುವ ಗೂಗಲ್‌ನ ಸೇವೆ ಕೋಲ್ಯಾಬ್ ಓಡುವುದು ಲಿನಕ್ಸ್ ಮೇಲೆ, ಅಲ್ಲಿ ಕೇಸ್ ಲೆಕ್ಕಕ್ಕೆ ಬರುತ್ತದೆ. ಸಾಮಾನ್ಯವಾಗಿ ಜೋಡಿಸುವ ಪಾತ್‌ನಲ್ಲಿ ‘ಕಂಟೆಂಟ್’ ಮತ್ತು ‘ಡ್ರೈವ್’ ಪೂರ್ತಿ ಸಣ್ಣಕ್ಷರ. ಅದರೊಳಗಿನ ‘ಮೈಡ್ರೈವ್’ ಮಾತ್ರ ದೊಡ್ಡ ಎಂ, ದೊಡ್ಡ ಡಿ ಇರುವ ಒಂದೇ ಪದ, ನಡುವೆ ಜಾಗವಿಲ್ಲ. ಬ್ರೌಸರ್‌ನಲ್ಲಿ ಅದು ಎರಡು ಪದವಾಗಿ ಕಾಣುವುದರಿಂದ ಜನ ಜಾಗ ಬಿಟ್ಟು ಟೈಪ್ ಮಾಡುತ್ತಾರೆ. ಎಡಗಡೆಯ ಫೈಲ್ ಪಟ್ಟಿಯಲ್ಲಿ ಫೈಲ್ ಮೇಲೆ ಬಲ ಕ್ಲಿಕ್ ಮಾಡಿ ‘ಕಾಪಿ ಪಾತ್’ ಒತ್ತಿದರೆ ಸರಿಯಾದ ಪಾತ್ ಇದ್ದಂತೆಯೇ ಸಿಗುತ್ತದೆ.

ಪಾತ್ ಸರಿಯಿದ್ದೂ ಸಿಗದಿದ್ದರೆ, ಫೈಲ್ ಹೆಸರನ್ನು ಈಗಷ್ಟೇ ಬದಲಿಸಿದ್ದೀರಾ ನೋಡಿ. ಜೋಡಿಸಿದ ಡ್ರೈವ್ ಹಳೆಯ ಪಟ್ಟಿಯನ್ನು ಸ್ವಲ್ಪ ಹೊತ್ತು ನೆನಪಿನಲ್ಲಿಟ್ಟುಕೊಳ್ಳುತ್ತದೆ. ಡ್ರೈವ್ ಬಿಚ್ಚಿ ಮತ್ತೆ ಜೋಡಿಸಿ.

ಗೂಗಲ್ ಡ್ರೈವ್‌ನಲ್ಲಿ ಒಂದೇ ಹೆಸರಿನ ಎರಡು ಫೈಲ್‌ಗಳಿವೆ, ಯಂತ್ರದಲ್ಲಿ ಒಂದಕ್ಕೆ ಅಂಕಿ ಸೇರಿಕೊಂಡಿದೆ.

ನಿಮ್ಮ ಡಿಸ್ಕ್‌ನಲ್ಲಿ ಒಂದು ಫೋಲ್ಡರ್‌ಗೆ ಆ ಹೆಸರಿನ ಒಂದೇ ಫೈಲ್ ಇರಲು ಸಾಧ್ಯ. ಆದ್ದರಿಂದ ಡೆಸ್ಕ್‌ಟಾಪ್ ಆ್ಯಪ್ ಎರಡನೆಯದರ ಹೆಸರಿಗೆ ಆವರಣದಲ್ಲಿ 1 ಸೇರಿಸಿ ತೋರಿಸುತ್ತದೆ. ಎಕ್ಸೆಲ್ ಕಡತದಿಂದ ಇನ್ನೊಂದು ಕಡತಕ್ಕೆ ಕೊಂಡಿ ಹಾಕಿದ್ದರೆ ಅದು ಮುರಿಯುವುದು ಇಂಥಲ್ಲಿಯೇ. ಬ್ರೌಸರ್‌ನಲ್ಲಿ ಒಂದಕ್ಕೆ ಬೇರೆ ಹೆಸರು ಕೊಟ್ಟುಬಿಡಿ. ನೂರಾರು ಇದ್ದರೆ, ಕ್ಲೌಡ್ ಫೈಲ್‌ಗಳನ್ನು ಆದೇಶಗಳಿಂದ ನಿರ್ವಹಿಸುವ ಆರ್‌ಕ್ಲೋನ್ ಪ್ರೋಗ್ರಾಂನ ‘ಡೀಡ್ಯೂಪ್’ ಆದೇಶ ಇದಕ್ಕೆಂದೇ ಇದೆ. ಮೊದಲು ‘ಡ್ರೈ ರನ್’ ಆಯ್ಕೆ ಹಾಕಿ, ಏನು ಮಾಡಲು ಹೊರಟಿದೆ ಎಂಬುದನ್ನು ಓದಿ, ಆಮೇಲೆ ನಿಜವಾಗಿ ಓಡಿಸಿ.

ಲಿನಕ್ಸ್ ಸರ್ವರ್‌ನಿಂದ ಒನ್‌ಡ್ರೈವ್‌ಗೆ ಸಾವಿರಾರು ಫೈಲ್ ಸಾಗಿಸಬೇಕು. ಮೊದಲೇ ಏನು ನೋಡಿಕೊಳ್ಳಬೇಕು?

ಈ ಪುಟದಲ್ಲಿ ನಾವು ಅತಿ ಹೆಚ್ಚು ಒತ್ತಿ ಹೇಳುವ ಸಂಗತಿ ಇದು. ಕೇಸ್ ನೋಡುವ ಕಡೆಯಿಂದ ನೋಡದ ಕಡೆಗೆ ಸಾಗಿಸುವಾಗ ಎರಡು ಫೈಲ್ ಒಂದಾಗಿಬಿಡಬಹುದು. ಎರಡನೆಯದು ಮೊದಲನೆಯದರ ಮೇಲೆ ಸದ್ದಿಲ್ಲದೆ ಬರೆದುಬಿಟ್ಟರೆ ದೋಷ ಸಂದೇಶವೂ ಬರುವುದಿಲ್ಲ.

ಸಾಗಿಸುವ ಮೊದಲು ಘರ್ಷಣೆಗಳನ್ನು ಹುಡುಕಿ. ‘ಫೈಂಡ್’ ಆದೇಶದಿಂದ ಎಲ್ಲ ಪಾತ್‌ಗಳ ಪಟ್ಟಿ ತೆಗೆದು, ಪೈಪ್ ಮೂಲಕ ‘ಸಾರ್ಟ್’ಗೆ ಕೊಡಿ, ಅದಕ್ಕೆ ಸಣ್ಣ ಎಫ್ ಸ್ವಿಚ್ ಹಾಕಿ. ಅಲ್ಲಿಂದ ‘ಯುನಿಕ್’ಗೆ ಕಳುಹಿಸಿ, ಅದಕ್ಕೆ ದೊಡ್ಡ ಡಿ ಮತ್ತು ಸಣ್ಣ ಐ ಸ್ವಿಚ್ ಹಾಕಿ. ಎಫ್ ಕೇಸ್ ಮರೆತು ವಿಂಗಡಿಸುತ್ತದೆ, ಐ ಕೇಸ್ ಮರೆತು ಹೋಲಿಸುತ್ತದೆ, ದೊಡ್ಡ ಡಿ ಜೋಡಿಯ ಎಲ್ಲ ಸಾಲುಗಳನ್ನೂ ತೋರಿಸುತ್ತದೆ. ಸಣ್ಣ ಡಿ ಹಾಕಿದರೆ ಪ್ರತಿ ಗುಂಪಿನಿಂದ ಒಂದೇ ಸಾಲು ಬರುತ್ತದೆ, ಯಾವುದಕ್ಕೆ ಯಾವುದು ಡಿಕ್ಕಿ ಎಂಬುದು ತಿಳಿಯುವುದಿಲ್ಲ. ಉತ್ತರ ಖಾಲಿ ಬಂದರೆ ಇಂಗ್ಲಿಷ್ ಹೆಸರುಗಳ ಮಟ್ಟಿಗೆ ದಾರಿ ಸುಗಮ.

ಪಟ್ಟಿಯಲ್ಲಿ ಫೋಲ್ಡರ್ ಹೆಸರುಗಳೇ ಜೋಡಿಯಾಗಿ ಬಂದರೆ ಅವನ್ನು ಮೊದಲು ಸರಿಪಡಿಸಿ, ಆದೇಶವನ್ನು ಮತ್ತೆ ಓಡಿಸಿ. ಎರಡು ಫೋಲ್ಡರ್ ಒಂದಾದ ಮೇಲೆ ಒಳಗಿನ ಫೈಲ್‌ಗಳು ಹೊಸದಾಗಿ ಡಿಕ್ಕಿಯಾಗಬಹುದು. ಜೊತೆಗೆ ಒನ್‌ಡ್ರೈವ್ ಒಪ್ಪದ ಕೋಲನ್, ನಕ್ಷತ್ರ, ಪ್ರಶ್ನಾರ್ಥಕ, ಜೋಡಿ ಉದ್ಧರಣ, ಕೋನ ಚಿಹ್ನೆ, ನೆಟ್ಟ ಗೆರೆ, ಹಿಂಬಾಗಿದ ಗೆರೆಗಳು ಲಿನಕ್ಸ್ ಹೆಸರುಗಳಲ್ಲಿ ಧಾರಾಳವಾಗಿ ಇರುತ್ತವೆ. ಪಾತ್ ಒಟ್ಟು 400 ಅಕ್ಷರ ಮೀರಬಾರದು. ಸಾಗಿಸಿದ ಮೇಲೆ ಎರಡೂ ಕಡೆಯ ಫೈಲ್ ಎಣಿಕೆ ಹೋಲಿಸಿ. ಎಣಿಕೆಯಲ್ಲಿ ಒಂದು ಕಡಿಮೆಯಾದರೂ ಮೂಲವನ್ನು ಅಳಿಸಬೇಡಿ.

ಜಿಪ್ ಮಾಡಿ ಸಾಗಿಸಿದರೆ ಪಾರಾಗಬಹುದೆಂದು ಕೆಲವರು ಅಂದುಕೊಳ್ಳುತ್ತಾರೆ. ಜಿಪ್‌ನೊಳಗೆ ಎರಡೂ ಹೆಸರು ಭದ್ರವಾಗಿರುತ್ತವೆ ನಿಜ, ವಿಂಡೋಸ್‌ನಲ್ಲಿ ಬಿಚ್ಚುವ ಗಳಿಗೆಯಲ್ಲಿ ಅದೇ ಡಿಕ್ಕಿ ಎದುರಾಗುತ್ತದೆ.

ವಿಂಡೋಸ್ ಕೂಡ ಕೇಸ್ ನೋಡುವಂತೆ ಮಾಡಬಹುದೇ?

ಮಾಡಬಹುದು. 2018ರಲ್ಲಿ ಬಂದ ವಿಂಡೋಸ್ 10ರ 1803 ಆವೃತ್ತಿಯಿಂದ ಒಂದೊಂದು ಫೋಲ್ಡರ್‌ಗೆ ಪ್ರತ್ಯೇಕವಾಗಿ ಈ ಗುಣ ಕೊಡಬಹುದು. ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ‘ಎಫ್‌ಎಸ್‌ಯುಟಿಲ್’ನ ಫೈಲ್ ವಿಭಾಗದಲ್ಲಿರುವ ‘ಸೆಟ್‌ಕೇಸ್‌ಸೆನ್ಸಿಟಿವ್‌ಇನ್ಫೊ’ ಆದೇಶಕ್ಕೆ ಫೋಲ್ಡರ್ ಪಾತ್ ಮತ್ತು ‘ಎನೇಬಲ್’ ಕೊಡಬೇಕು. ವಿಂಡೋಸ್‌ನೊಳಗೇ ಲಿನಕ್ಸ್ ಓಡಿಸುವ ‘ಲಿನಕ್ಸ್ ಸಬ್‌ಸಿಸ್ಟಂ’ ಘಟಕ ಹಾಕಿಲ್ಲದ ಯಂತ್ರದಲ್ಲಿ ಆದೇಶ ನಿರಾಕರಣೆಯಾಗಬಹುದು. ಈಗಾಗಲೇ ಇರುವ ಒಳಫೋಲ್ಡರ್‌ಗಳಿಗೆ ಇದು ತಾನಾಗಿ ಇಳಿಯುವುದಿಲ್ಲ. ವಾಪಸ್ ತೆಗೆಯಬೇಕಾದರೆ ಕೇಸ್‌ನಲ್ಲಿ ಮಾತ್ರ ಬೇರೆಯಾದ ಫೈಲ್‌ಗಳು ಆ ಫೋಲ್ಡರ್‌ನಲ್ಲಿ ಇರಬಾರದು.

ಆದರೆ ಒನ್‌ಡ್ರೈವ್ ಅಥವಾ ಡ್ರಾಪ್‌ಬಾಕ್ಸ್ ಸಿಂಕ್ ಮಾಡುವ ಫೋಲ್ಡರ್‌ಗೆ ಇದನ್ನು ಹಾಕಬೇಡಿ. ಯಂತ್ರ ಎರಡು ಹೆಸರು ಒಪ್ಪುತ್ತದೆ, ಸರ್ವರ್ ಒಪ್ಪುವುದಿಲ್ಲ. ಇಲ್ಲದ ತೊಂದರೆಯನ್ನು ಕರೆದುಕೊಂಡು ಬಂದಂತೆ.

ಮ್ಯಾಕ್‌ನಲ್ಲಿ?

ಡಿಸ್ಕ್ ಯುಟಿಲಿಟಿಯಲ್ಲಿ ಡಿಸ್ಕ್ ಆಯ್ದು ಅದರ ಮಾದರಿ ನೋಡಿ. ಎಪಿಎಫ್‌ಎಸ್ (ಮ್ಯಾಕ್‌ನ ಈಗಿನ ಫೈಲ್ ಸಿಸ್ಟಂ) ಹೆಸರಿನ ಜೊತೆ ‘ಕೇಸ್ ಸೆನ್ಸಿಟಿವ್’ ಎಂದಿದ್ದರೆ ಮಾತ್ರ ಕೇಸ್ ನೋಡುತ್ತದೆ. ಐಫೋನ್‌ನ ಫೈಲ್ ಸಿಸ್ಟಂ ಆದರೋ ಕೇಸ್ ನೋಡುವಂಥದ್ದು. ಹಾಗಾಗಿ ಮ್ಯಾಕ್‌ನಲ್ಲಿ ಸರಿಯಾಗಿದ್ದ ಆ್ಯಪ್ ಐಫೋನ್‌ನಲ್ಲಿ ಚಿತ್ರ ಹುಡುಕಲಾರದೆ ನಿಲ್ಲುವುದುಂಟು.

ಕ್ಯಾಮೆರಾದ ಚಿತ್ರಗಳು ಅರ್ಧ ಮಾತ್ರ ತೆರೆಯುತ್ತವೆ. ಏಕೆ?

ಕ್ಯಾಮೆರಾಗಳು ಎಕ್ಸ್‌ಟೆನ್ಷನ್ ಅನ್ನು ದೊಡ್ಡಕ್ಷರದಲ್ಲಿ ಬರೆಯುವುದು ಹಳೆಯ ರೂಢಿ. ಎಂಟು ಅಕ್ಷರದ ಹೆಸರು, ಮೂರು ಅಕ್ಷರದ ಎಕ್ಸ್‌ಟೆನ್ಷನ್ ಇದ್ದ ಫ್ಯಾಟ್ ಎಂಬ ಹಳೆಯ ಫೈಲ್ ಸಿಸ್ಟಂನ ಕಾಲದಿಂದ ಬಂದದ್ದು. ಫೋನ್ ತೆಗೆದ ಚಿತ್ರಕ್ಕೆ ಸಾಮಾನ್ಯವಾಗಿ ಸಣ್ಣ ಜೆಪಿಜಿ ಇರುತ್ತದೆ. ಎರಡೂ ಒಂದೇ ಫೋಲ್ಡರ್‌ಗೆ ಬಂದಾಗ, ಲಿನಕ್ಸ್‌ನ ಸ್ಕ್ರಿಪ್ಟ್ ‘ಸಣ್ಣ ಜೆಪಿಜಿ ಇರುವುದೆಲ್ಲ’ ಎಂದು ಹುಡುಕಿದರೆ ಕ್ಯಾಮೆರಾದವು ಹೊರಗೆ ಉಳಿಯುತ್ತವೆ. ಕೇಸ್ ಬಿಟ್ಟು ಹುಡುಕಲು ‘ಫೈಂಡ್’ನಲ್ಲಿ ‘ನೇಮ್’ ಬದಲು ‘ಐನೇಮ್’ ಬಳಸಿ.

ವೆಬ್‌ಸೈಟ್ ನನ್ನ ಯಂತ್ರದಲ್ಲಿ ಸರಿ, ಸರ್ವರ್‌ಗೆ ಏರಿಸಿದ ಮೇಲೆ ಚಿತ್ರಗಳಿಲ್ಲ.

ಪುಟದಲ್ಲಿ ಬರೆದ ಹೆಸರಿಗೂ ಫೈಲ್‌ನ ಹೆಸರಿಗೂ ಕೇಸ್ ಹೊಂದುತ್ತಿಲ್ಲ. ವಿಂಡೋಸ್ ಕ್ಷಮಿಸಿತ್ತು, ಲಿನಕ್ಸ್ ಸರ್ವರ್ ಅಥವಾ ಎಸ್3 ಕ್ಷಮಿಸುವುದಿಲ್ಲ. ಎಸ್3ರ ಸಾಮಾನ್ಯ ಬಕೆಟ್‌ನಲ್ಲಿ (ಫೈಲ್‌ಗಳನ್ನು ಇಡುವ ಸಂಗ್ರಹದಲ್ಲಿ) ಹೆಸರು ಬದಲಿಸುವ ಕ್ರಿಯೆಯೇ ಇಲ್ಲ: ಹೊಸ ಹೆಸರಿಗೆ ಕಾಪಿ ಮಾಡಿ, ತೆರೆದು ನೋಡಿ, ಹಳೆಯದನ್ನು ಅಳಿಸಬೇಕು. ಫೈಲ್‌ಗಳು ಗಿಟ್‌ನಲ್ಲಿದ್ದರೆ (ಬದಲಾವಣೆಗಳ ದಾಖಲೆ ಇಡುವ ಪ್ರೋಗ್ರಾಂ ಇದು) ಎಕ್ಸ್‌ಪ್ಲೋರರ್‌ನಲ್ಲಿ ಕೇಸ್ ಬದಲಿಸಿದ್ದು ಗಿಟ್‌ಗೆ ಕಾಣುವುದಿಲ್ಲ, ಏಕೆಂದರೆ ವಿಂಡೋಸ್ ಮತ್ತು ಮ್ಯಾಕ್‌ನಲ್ಲಿ ಅದರ ‘ಇಗ್ನೋರ್‌ಕೇಸ್’ ಸೆಟ್ಟಿಂಗ್ ತಾನಾಗಿ ಆನ್ ಆಗಿರುತ್ತದೆ. ಆ ಸೆಟ್ಟಿಂಗ್ ಮುಟ್ಟದೆ ‘ಗಿಟ್ ಎಂವಿ’ ಆದೇಶದಿಂದ ಹೆಸರು ಬದಲಿಸಿ ಕಮಿಟ್ ಮಾಡಿ.

ಹಂಚಿದ ಲಿಂಕ್ ತೆರೆಯುವುದಿಲ್ಲ. ಇದಕ್ಕೂ ಕೇಸ್ ಕಾರಣವೇ?

ಆಗಿರಬಹುದು. ಲಿಂಕ್‌ನಲ್ಲಿ ಸೈಟ್‌ನ ಹೆಸರಿಗೆ ಕೇಸ್ ಲೆಕ್ಕವಿಲ್ಲ. ಆದರೆ ಅದರ ಮುಂದೆ ಬರುವ ಫೈಲ್ ಐಡಿಯಲ್ಲಿ ದೊಡ್ಡ, ಸಣ್ಣ ಅಕ್ಷರಗಳು ಬೇಕೆಂದೇ ಬೆರೆತಿರುತ್ತವೆ. ಕಾಗದದಿಂದ ನೋಡಿ ಟೈಪ್ ಮಾಡಿದಾಗ ಅಥವಾ ಯಾವುದೋ ಫಾರ್ಮ್ ಎಲ್ಲವನ್ನೂ ಸಣ್ಣಕ್ಷರ ಮಾಡಿದಾಗ ಲಿಂಕ್ ಸಾಯುತ್ತದೆ. ಮುದ್ರಿಸಿ ಕೊಡಬೇಕಾದರೆ ಕ್ಯೂಆರ್ ಕೋಡ್ ಹಾಕಿ.

ಕನ್ನಡದಲ್ಲೇ ಹೆಸರಿಟ್ಟರೆ ಈ ತಾಪತ್ರಯ ಇರುವುದಿಲ್ಲ ಅಲ್ಲವೇ?

ಕೇಸ್‌ನ ತಾಪತ್ರಯ ಇಲ್ಲ, ಅದರ ಜಾಗದಲ್ಲಿ ಇನ್ನೊಂದಿದೆ. ‘ಲೇಖನ’ ಎಂಬ ಹೆಸರನ್ನೇ ತೆಗೆದುಕೊಳ್ಳಿ. ಮೊದಲ ಅಕ್ಷರದ ಏತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಚಿಹ್ನೆಯಾಗಿ ಇಡಬಹುದು, ಎತ್ವ ಮತ್ತು ದೀರ್ಘ ಎಂಬ ಎರಡು ಚಿಹ್ನೆಯಾಗಿಯೂ ಇಡಬಹುದು. ತೆರೆಯ ಮೇಲೆ ಎರಡೂ ಒಂದೇ. ಲಿನಕ್ಸ್‌ಗೂ ಎಸ್3ಗೂ ಅವು ಎರಡು ಹೆಸರು. ದೀರ್ಘ ಈ, ಐ, ಒ, ಓ ಸ್ವರಚಿಹ್ನೆಗಳಿಗೂ ಇದೇ ಕಥೆ. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕ್ ಹೆಸರುಗಳನ್ನು ಹೀಗೆ ಬಿಡಿಸಿಯೇ ಇಡುತ್ತಿತ್ತು, ಅಲ್ಲಿಂದ ಬಂದ ಫೈಲ್‌ಗಳಲ್ಲಿ ಇದು ಹೆಚ್ಚು. ಹೆಸರುಗಳನ್ನು, ಬಿಡಿ ಚಿಹ್ನೆಗಳನ್ನು ಒಂದಾಗಿ ಕೂಡಿಸಿಡುವ ಎನ್‌ಎಫ್‌ಸಿ ಎಂಬ ಯೂನಿಕೋಡ್ ರೂಪಕ್ಕೆ ತಂದರೆ ಸರಿಹೋಗುತ್ತದೆ. ಲಿನಕ್ಸ್‌ನಲ್ಲಿ ‘ಕಾನ್ವ್‌ಎಂವಿ’ ಎಂಬ ಉಪಕರಣ ಈ ಕೆಲಸ ಮಾಡುತ್ತದೆ.

ಇನ್ನೊಂದು ಇನ್ನೂ ಸೂಕ್ಷ್ಮ. ‘ಮಾರ್ಚ್’ ಎಂದು ಟೈಪ್ ಮಾಡುವಾಗ ಕೊನೆಯ ಅರ್ಧಾಕ್ಷರದ ಬೆನ್ನಿಗೆ ಕೆಲವು ಕೀಬೋರ್ಡ್‌ಗಳಲ್ಲಿ ನಾನ್‌ಜಾಯಿನರ್ ಎಂಬ ಕಾಣದ ಅಕ್ಷರ (ಮುಂದಿನ ಅಕ್ಷರ ಒತ್ತಾಗಿ ಕೂಡದಂತೆ ತಡೆಯುವಂಥದ್ದು) ಸೇರಿಕೊಳ್ಳುತ್ತದೆ. ಮುಂದೆ ಚುಕ್ಕಿ ಬಂದರೆ ಅದು ಇದೆಯೋ ಇಲ್ಲವೋ ಕಣ್ಣಿಗೆ ಗೊತ್ತೇ ಆಗದು. ಎನ್‌ಎಫ್‌ಸಿ ಇದನ್ನು ತೆಗೆಯುವುದಿಲ್ಲ. ಹೆಸರಿನ ಕೊನೆಗೆ ಕರ್ಸರ್ ಇಟ್ಟು ಬಾಣದ ಕೀಲಿಯಿಂದ ಹಿಂದೆ ಬನ್ನಿ. ಕೀಲಿ ಒತ್ತಿದರೂ ಕರ್ಸರ್ ಒಮ್ಮೆ ಕದಲದೆ ನಿಂತರೆ ಅಲ್ಲಿ ಕಾಣದ ಅಕ್ಷರ ಕೂತಿರುವ ಸಾಧ್ಯತೆ ಇದೆ. ಹೆಸರನ್ನು ಪೂರ್ತಿ ಅಳಿಸಿ ಹೊಸದಾಗಿ ಟೈಪ್ ಮಾಡಿ.

ಒಂದು ಫೈಲ್ ಇನ್ನೊಂದರ ಮೇಲೆ ಬರೆದುಹೋಗಿದೆ. ವಾಪಸ್ ಸಿಗುತ್ತದೆಯೇ?

ಮೊದಲು ಸಿಂಕ್ ನಿಲ್ಲಿಸಿ. ಬ್ರೌಸರ್‌ನಲ್ಲಿ ಫೈಲ್‌ನ ‘ವರ್ಷನ್ ಹಿಸ್ಟರಿ’ ನೋಡಿ, ಮೇಲೆ ಬರೆದ ಫೈಲ್‌ನ ಹಿಂದಿನ ಆವೃತ್ತಿಯಾಗಿ ಕಳೆದುಹೋದದ್ದು ಅಲ್ಲೇ ಇರಬಹುದು. ಅದನ್ನು ‘ರಿಸ್ಟೋರ್’ ಮಾಡಬೇಡಿ, ಮಾಡಿದರೆ ಈಗಿನದು ಹಿಂದಕ್ಕೆ ಹೋಗುತ್ತದೆ. ಡೌನ್‌ಲೋಡ್ ಮಾಡಿಕೊಂಡು ಬೇರೆ ಹೆಸರಿನಲ್ಲಿ ಉಳಿಸಿ. ಅಲ್ಲಿ ಇಲ್ಲದಿದ್ದರೆ ಕಸದ ಬುಟ್ಟಿ ನೋಡಿ. ಗೂಗಲ್ ಡ್ರೈವ್‌ನಲ್ಲೂ ವೈಯಕ್ತಿಕ ಒನ್‌ಡ್ರೈವ್‌ನಲ್ಲೂ ಅಳಿಸಿದ್ದು 30 ದಿನ ಉಳಿಯುತ್ತದೆ. ಕಚೇರಿ ಖಾತೆಯ ಒನ್‌ಡ್ರೈವ್ ಮತ್ತು ಶೇರ್‌ಪಾಯಿಂಟ್‌ನಲ್ಲಿ ಸಾಮಾನ್ಯವಾಗಿ 93 ದಿನ. ಗೂಗಲ್ ಡ್ರೈವ್ ಪಿಡಿಎಫ್, ಚಿತ್ರದಂಥ ಫೈಲ್‌ಗಳ ಹಳೆಯ ಆವೃತ್ತಿಗಳನ್ನೂ 30 ದಿನಗಳ ನಂತರ ತೆಗೆದುಹಾಕಬಹುದು. ಬೇಕಾದ ಆವೃತ್ತಿ ಸಿಕ್ಕಿದರೆ ಅಲ್ಲಿಯೇ ‘ಕೀಪ್ ಫಾರೆವರ್’ ಗುರುತು ಹಾಕಿ, ಆಮೇಲೆ ಸಿಂಕ್ ಮತ್ತೆ ಆರಂಭಿಸಿ.